ಅಜ್ಜಿಯ ವಜ್ರದೋಲೆ ಕೊಟ್ಟು ದೊಡ್ಡ ಹರಳು ತರುವ ಮೊದಲು

ಅಜ್ಜಿಯದೋ ಅತ್ತೆಯದೋ ಏಳು ಹರಳಿನ ವಜ್ರದೋಲೆ ಮನೆಯಲ್ಲಿದೆ. ವರ್ಷಕ್ಕೊಂದು ಮದುವೆಗೆ ಹೊರಬರುತ್ತದೆ, ಮಿಕ್ಕ ದಿನವೆಲ್ಲ ಲಾಕರಿನಲ್ಲಿ. ‘ಹಳೇದು ಕೊಡಿ, ಸಾಲಿಟೇರ್ (ದೊಡ್ಡ ಒಂಟಿ ಹರಳು) ತಗೊಳ್ಳಿ’ ಎಂಬ ಬೋರ್ಡು ಕಂಡಾಗ ಮನಸ್ಸು ಅತ್ತಿತ್ತ ತೂಗುತ್ತದೆ. ದುಡ್ಡಿನ ಲೆಕ್ಕ ಮೊದಲು ಮುಗಿಸಿ. ಅಂಗಡಿಯವರು ಹೇಳುವ ಬೆಲೆ ಕೇಳಿದ ಮೇಲೆ, ಎಷ್ಟೋ ಸಲ ಮನಸ್ಸಿನ ಲೆಕ್ಕಕ್ಕೆ ಕೂರುವ ಅಗತ್ಯವೇ ಬೀಳುವುದಿಲ್ಲ.

ಕೈಯಲ್ಲಿರುವುದು ಏನು?

ಹರಳು ವಜ್ರವೇ ಎಂಬುದು ಮೊದಲ ಪ್ರಶ್ನೆ. ಅಂಗಡಿಯವರ ಬಳಿ ಇರುವ ಟೆಸ್ಟರ್ ಪೆನ್ನು ಸಾಮಾನ್ಯವಾಗಿ ಶಾಖ ಹರಿಯುವ ವೇಗವನ್ನು ನೋಡುತ್ತದೆ. ಅಮೆರಿಕನ್ ಡೈಮಂಡ್ ಎನ್ನುವ ಜಿರ್ಕೋನಿಯಾವನ್ನು, ಗಾಜನ್ನು ಅದು ಹಿಡಿಯುತ್ತದೆ. ವಜ್ರದಂತೆಯೇ ಕಾಣುವ ಮೊಯಿಸನೈಟ್ ಎಂಬ ಹರಳಿಗೆ ಮಾತ್ರ ಮೋಸಹೋಗುತ್ತದೆ. 1950ಕ್ಕೂ ಹಿಂದಿನ ಓಲೆಯಾದರೆ ಜಿರ್ಕೋನಿಯಾ, ಮೊಯಿಸನೈಟ್ ಎರಡೂ ಮೂಲದಲ್ಲಿ ಇರಲಾರವು: ಜಿರ್ಕೋನಿಯಾ ಪೇಟೆಗೆ ಬಂದದ್ದು 1970ರ ದಶಕದ ಕೊನೆಗೆ, ಮೊಯಿಸನೈಟ್ 1990ರ ದಶಕದ ಕೊನೆಗೆ. ಆದರೆ ನಡುವೆ ಯಾವಾಗಲೋ ಒಂದು ಹರಳು ಉದುರಿ, ರಿಪೇರಿಯಲ್ಲಿ ಆ ಜಾಗಕ್ಕೆ ಬೇರೇನೋ ಬಂದು ಕೂತಿರಬಹುದು. ಆದ್ದರಿಂದ ಎರಡೂ ಓಲೆಯ ಹದಿನಾಲ್ಕು ಹರಳಿಗೂ ಒಂದೊಂದಾಗಿ ಪೆನ್ನು ಮುಟ್ಟಿಸಿ.

ಆಮೇಲೆ ಓಲೆಯನ್ನು ತಿರುಗಿಸಿ ಹಿಂಬದಿ ನೋಡಿ. ಹರಳಿನ ಬುಡ ಕಂಡರೆ ಓಪನ್ ಸೆಟ್ಟಿಂಗ್. ಬುಡಕ್ಕೆ ಚಿನ್ನ ಮುಚ್ಚಿದ್ದರೆ ಕ್ಲೋಸ್ಡ್. ಹೀಗೆ ಮುಚ್ಚಿದ ಕಟ್ಟಡದಲ್ಲಿ (ಹರಳು ಕೂರಿಸಿದ ಚಿನ್ನದ ಚೌಕಟ್ಟಿನಲ್ಲಿ) ಎರಡು ಗುಟ್ಟು ಅಡಗಿರಬಹುದು. ಹರಳಿನ ಕೆಳಗೆ ಹೊಳಪಿಗೆಂದು ಇಟ್ಟ ತೆಳು ತಗಡು ಒಂದು. ಟೊಳ್ಳು ತುಂಬಲು ಹಾಕಿದ ಅರಗು ಇನ್ನೊಂದು. ತಗಡು ತೆಗೆದರೆ ಬೆಳ್ಳಗೆ ಕಂಡ ಹರಳು ಹಳದಿಗೆ ತಿರುಗಬಹುದು. ಅರಗು ಕರಗಿಸಿದರೆ ಚಿನ್ನದ ತೂಕ ಇಳಿಯುತ್ತದೆ. ಇಂಥ ಓಲೆಯನ್ನು ಇಡಿಯಾಗಿ ತಕ್ಕಡಿಗೆ ಹಾಕಿ ಮನೆಯಲ್ಲೇ ಬೆಲೆ ಕಟ್ಟಿಕೊಂಡರೆ ನಿರಾಸೆ ಖಂಡಿತ. ಸೋಪಿನ ನೀರಿನಲ್ಲಿ ನೆನೆಹಾಕುವುದೂ ಬೇಡ, ನೀರು ಒಳಗಿಳಿದರೆ ತಗಡು ಕಪ್ಪಾಗುತ್ತದೆ.

‘ಇದು ಬ್ಲೂ ಜಾಗರ್’ ಎಂದು ಹಿರಿಯರು ಹೇಳಿರುತ್ತಾರೆ. ದಕ್ಷಿಣ ಆಫ್ರಿಕಾದ ಯಾಗರ್ಸ್‌ಫಾಂಟೇನ್ ಗಣಿಯಿಂದ ಬಂದ ಹೆಸರು ಅದು. ತುಸು ನೀಲಿ ಛಾಯೆಯ ಹರಳಿಗೆಲ್ಲ ನಮ್ಮ ಕಡೆ ಅಂಟಿಕೊಂಡಿದೆ. ಹೆಸರಿಗೆ ಇವತ್ತು ಯಾರೂ ದುಡ್ಡು ಕೊಡುವುದಿಲ್ಲ.

ತೂಕದಲ್ಲೇ ಬಹಳ ಜನ ಎಡವುವುದು. 1 ಕ್ಯಾರೆಟ್ ಎಂದರೆ 200 ಮಿಲಿಗ್ರಾಂ, 100 ಸೆಂಟ್. ದುಂಡನೆಯ ಹೊಸ ಕಟಿಂಗಿನ ಹರಳು ಸುಮಾರು 3 ಮಿಲಿಮೀಟರ್ ಅಗಲವಿದ್ದರೆ 10 ಸೆಂಟ್, 4.1 ಇದ್ದರೆ 25 ಸೆಂಟ್, 5.2 ಇದ್ದರೆ ಅರ್ಧ ಕ್ಯಾರೆಟ್, 6.5 ಇದ್ದರೆ ಒಂದು ಕ್ಯಾರೆಟ್. ಈಗ 10 ಸೆಂಟಿನ ಹದಿನಾಲ್ಕು ಹರಳು ಕೂಡಿಸಿದರೆ 1.40 ಕ್ಯಾರೆಟ್. ಹಾಗೆಂದು 1.40 ಕ್ಯಾರೆಟಿನ ಒಂಟಿ ಹರಳಿಗೆ ಅದು ಸಮವಲ್ಲ, ಹತ್ತಿರವೂ ಬರುವುದಿಲ್ಲ. ವಜ್ರದಲ್ಲಿ ಗಾತ್ರ ಏರಿದಂತೆ ಪ್ರತಿ ಕ್ಯಾರೆಟಿನ ದರವೇ ಏರುತ್ತದೆ. ಅದರ ಮೇಲೆ ಹಳೇ ಕಟಿಂಗ್ ಎಂದು ಇನ್ನಷ್ಟು ಇಳಿಸುತ್ತಾರೆ, ಮತ್ತೆ ಸಾಣೆ ಹಿಡಿದರೆ ತೂಕ ಕಳೆಯುತ್ತದೆಂಬ ಲೆಕ್ಕ ಅವರದು. 10 ಸೆಂಟಿನ ಹರಳುಗಳಿಗೆ ಒಂದೊಂದಕ್ಕೂ ಸರ್ಟಿಫಿಕೇಟ್ ಮಾಡಿಸುವುದು ದಂಡ. ಅರ್ಧ ಕ್ಯಾರೆಟ್ ಮೀರಿದ ಒಂಟಿ ಹರಳಾದರೆ ಕಟ್ಟಡದಿಂದ ಬಿಡಿಸಿ ಐಜಿಐ ಅಥವಾ ಜಿಐಎ ಲ್ಯಾಬಿಗೆ ಕಳಿಸಿ. ಕೂರಿಸಿದ ಹರಳಿನ ತೂಕ, ಬಣ್ಣ ಎರಡೂ ಅಂದಾಜೇ.

ಅಂಗಡಿಯಲ್ಲಿ

‘ವಜ್ರಕ್ಕೆ ನೂರಕ್ಕೆ ನೂರು ಎಕ್ಸ್‌ಚೇಂಜ್’ ಎಂಬ ಮಾತು ಸಾಮಾನ್ಯವಾಗಿ ಅದೇ ಅಂಗಡಿಯಲ್ಲಿ ಕೊಂಡು, ಬಿಲ್ಲು, ಸರ್ಟಿಫಿಕೇಟ್ ಎರಡೂ ಉಳಿಸಿಕೊಂಡವರಿಗೆ. ಅಜ್ಜಿಯ ಓಲೆಗೆ ಬಿಲ್ಲೆಲ್ಲಿ? ಕೇಳಬೇಕಾದ್ದು ಇಷ್ಟು: ಹರಳಿಗೆ ಎಷ್ಟು, ಚಿನ್ನಕ್ಕೆ ಎಷ್ಟು ಎಂದು ಬೇರೆ ಬೇರೆ ಬರೆದುಕೊಡಿ. ಚಿನ್ನದ ತೂಕ ಅರಗು ತೆಗೆದ ಮೇಲಿನದೋ, ಮುಂಚಿನದೋ? ಎಕ್ಸ್‌ಚೇಂಜ್ ಬೇಡ, ನಗದು ಕೊಡಿ ಎಂದರೆ ಎಷ್ಟು? ಹೊಸದರ ಬೆಲೆ ಇಂತಿಷ್ಟಕ್ಕಿಂತ ಹೆಚ್ಚಿರಬೇಕೆಂಬ ಷರತ್ತು ಇದೆಯೇ? ನಾಳೆ ಈ ಹೊಸದನ್ನೇ ವಾಪಸ್ ತಂದರೆ ಎಷ್ಟು ಕೊಡುತ್ತೀರಿ?

ಕೊನೆಯ ಪ್ರಶ್ನೆಗೇ ಅವರು ತಡವರಿಸುವುದು. ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಹೊಸ ಉಂಗುರದಲ್ಲಿ ವಜ್ರ 1,80,000, ಚಿನ್ನ 80,000, ಮಜೂರಿ 40,000. ಒಟ್ಟು 3 ಲಕ್ಷದ ಮೇಲೆ ಶೇ. 3 ಜಿಎಸ್‌ಟಿ 9,000. ಹಳೇ ಓಲೆಗೆ 1,10,000 ಕಳೆದರೂ ನೀವು ಕೈಯಿಂದ ಹಾಕುವುದು 1,99,000. ಮಜೂರಿ, ತೆರಿಗೆ ಸೇರಿ 49,000 ಬಾಗಿಲು ದಾಟುವ ಹೊತ್ತಿಗೇ ಹೋಯಿತು. ಅದೇ ಬಣ್ಣ, ಅದೇ ಶುದ್ಧತೆಯ ಹೊಸ ಹರಳಿಗೆ ಎಕ್ಸ್‌ಚೇಂಜ್ ಮಾತೆತ್ತದೆ ಇನ್ನೆರಡು ಕಡೆ ಬೆಲೆ ಕೇಳಿ. ಹಳೇದಕ್ಕೆ ಧಾರಾಳವಾಗಿ ಕೊಟ್ಟಿದ್ದನ್ನು ಹೊಸದರ ಬೆಲೆಯಲ್ಲಿ ಸೇರಿಸಿದ್ದಾರೋ ಇಲ್ಲವೋ ಆಗ ಗೊತ್ತಾಗುತ್ತದೆ.

ಕೊಡುವ ದೊಡ್ಡ ಹರಳು ಗಣಿಯದೋ ಲ್ಯಾಬಿನಲ್ಲಿ ಬೆಳೆಸಿದ್ದೋ ಎಂದು ಬಿಲ್ಲಿನಲ್ಲೇ ಬರೆಸಿ. ಎರಡೂ ನಿಜವಾದ ವಜ್ರವೇ, ಆದರೆ ಲ್ಯಾಬಿನದಕ್ಕೆ ಮರುಮಾರಾಟದ ಬೆಲೆ ಬಹಳ ಕಡಿಮೆ. ಹಾಲ್‌ಮಾರ್ಕಿನ ಆರಕ್ಷರದ ಎಚ್‌ಯುಐಡಿ ಗುರುತು ಚಿನ್ನದ ಶುದ್ಧತೆಗೆ ಮಾತ್ರ. ಹರಳಿನ ಬಗ್ಗೆ ಅದು ಏನೂ ಹೇಳುವುದಿಲ್ಲ.

ಇನ್ನೊಂದು: ಹಳೇದು ಕೊಟ್ಟು ಹೊಸದು ತಂದರೂ ಆದಾಯ ತೆರಿಗೆಯ ಕಣ್ಣಿಗೆ ಅದು ಮಾರಾಟವೇ. 24 ತಿಂಗಳು ಮೀರಿದ ಒಡವೆಯ ಲಾಭಕ್ಕೆ ಶೇ. 12.5 ತೆರಿಗೆ. ಹಿರಿಯರು 2001ರ ಏಪ್ರಿಲ್ 1ಕ್ಕೆ ಮೊದಲು ಕೊಂಡದ್ದಾದರೆ ಆ ದಿನದ ಮಾರುಕಟ್ಟೆ ಬೆಲೆಯನ್ನೇ ಅಸಲೆಂದು ಹಿಡಿಯಬಹುದು. ದೊಡ್ಡ ಮೊತ್ತವಾದರೆ ಆಡಿಟರನ್ನು ಕೇಳಿ.

ಕೊಡದೆ ಬದಲಿಸುವ ದಾರಿ

ಬೇಜಾರು ಹರಳಿನ ಮೇಲೋ, ಓಲೆಯ ಭಾರ ಮತ್ತು ಹಳೇ ವಿನ್ಯಾಸದ ಮೇಲೋ ಎಂದು ಕೇಳಿಕೊಳ್ಳಿ. ಬಹುಪಾಲು ಎರಡನೆಯದೇ. ಹಾಗಾದರೆ ಹರಳು ಉಳಿಸಿ ಕಟ್ಟಡ ಬದಲಿಸುವುದೇ ನಮ್ಮ ಶಿಫಾರಸು. ನಡುವಿನ ಎರಡು ಹರಳಿಗೆ ದಿನಬಳಕೆಯ ಒಂಟಿ ಹರಳಿನ ಓಲೆ, ಮಿಕ್ಕ ಹನ್ನೆರಡಕ್ಕೆ ಪದಕವೋ ಬಳೆಯೋ. ಅಕ್ಕತಂಗಿಯರಿದ್ದರೆ ಆಳಿಗೊಂದು ಮೂಗುಬೊಟ್ಟು.

ಅಕ್ಕಸಾಲಿಗರ ಕೈಗೆ ಕೊಡುವಾಗ ನಿಮ್ಮೆದುರೇ ಬಿಡಿಸಿ, ಕ್ಯಾರೆಟ್ ತಕ್ಕಡಿಯಲ್ಲಿ ಎರಡು ದಶಾಂಶದವರೆಗೆ ತೂಗಿಸಿ, ಎಣಿಕೆ ಮತ್ತು ತೂಕ ಬರೆದ ಚೀಟಿಗೆ ಸಹಿ ಹಾಕಿಸಿ. ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಲೂಪ್ ಎಂಬ ಭೂತಗನ್ನಡಿಯಲ್ಲಿ ಕಂಡ ಕಪ್ಪು ಚುಕ್ಕಿ, ಗೀರು ಎಲ್ಲಿದೆಯೆಂದು ಗುರುತು ಮಾಡಿಕೊಳ್ಳಿ. ಮರಳಿ ಬಂದದ್ದು ಅದೇ ಹರಳೆಂಬುದಕ್ಕೆ ಅದೇ ಸಾಕ್ಷಿ. ವಜ್ರ ಗಟ್ಟಿ ನಿಜ, ಆದರೆ ಪದರದ ದಿಕ್ಕಿಗೆ ಪೆಟ್ಟು ಬಿದ್ದರೆ ಸೀಳುತ್ತದೆ. ಅಂಚು ತೆಳುವಾದ ಹಳೇ ಹರಳು ಬಿಡಿಸುವಾಗಲೇ ಚಕ್ಕೆ ಏಳುವುದುಂಟು. ಹರಳಿದ್ದ ಹಾಗೆಯೇ ಬೆಸುಗೆ ಹಾಕಿದರೆ ಮೇಲ್ಮೈ ಸುಟ್ಟು ಮಂಜು ಕವಿದಂತಾಗಬಹುದು. ಬೆಸುಗೆಯೆಲ್ಲ ಮುಗಿದ ಮೇಲೆ ಹರಳು ಕೂರಿಸಲು ಹೇಳಿ.

ಇಷ್ಟಾದರೂ ಕೊಟ್ಟುಬಿಡೋಣ ಎನಿಸಿದರೆ, ಓಲೆಯಲ್ಲಿ ಪಾಲು ಕೇಳಬಹುದಾದ ಎಲ್ಲರಿಗೂ ಮೊದಲೇ ಹೇಳಿ. ಹೊಸ ವಜ್ರ ‘ಆಗಿಬರುತ್ತದೋ’ ಎಂದು ದಿಂಬಿನ ಕೆಳಗಿಟ್ಟು ಮಲಗುವ ರೂಢಿ ಹಲವು ಮನೆಗಳಲ್ಲಿದೆ. ನಂಬಿಕೆ ಇರಲಿ ಬಿಡಲಿ, ಅದನ್ನೇ ಕಾರಣ ಮಾಡಿ ಅಂಗಡಿಯವರಲ್ಲಿ ಮೂರು ದಿನದ ಗಡುವು ಕೇಳಿ, ಅಲ್ಲಿಯವರೆಗೆ ಹಳೇ ಓಲೆಯನ್ನು ಕರಗಿಸಬಾರದೆಂದು ರಸೀದಿಯಲ್ಲಿ ಬರೆಸಿಕೊಳ್ಳಿ.