ಮೊದಲು ಬೆಳಕು, ಆಮೇಲೆ ಪಟ್ಟಿ: ಮಾಯದ ಗಾಯಕ್ಕೆ ಜೋಡಿ ಚಿಕಿತ್ಸೆ

ಸಕ್ಕರೆ ಕಾಯಿಲೆ ಇದ್ದವರ ಅಂಗಾಲಿನಲ್ಲಿ ಸಣ್ಣದೊಂದು ಹುಣ್ಣಾದರೂ ಮನೆಯವರ ನಿದ್ದೆ ಹೋಗುತ್ತದೆ. ವಾರಗಳು ಕಳೆದರೂ ಅದು ಮಾಯುವುದಿಲ್ಲ. ಇಂಥ ಗಾಯಕ್ಕೆ ಕೆಲವು ಕಡೆ ಡ್ರೆಸ್ಸಿಂಗ್ ಜೊತೆಗೆ ಕಡಿಮೆ ಶಕ್ತಿಯ ಲೇಸರ್ ಬೆಳಕನ್ನೂ ಕೊಡುತ್ತಾರೆ. ಬೆಳಗಾವಿಯಲ್ಲಿ 68 ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಅರ್ಧ ಜನಕ್ಕೆ ದಿನಾ ಡ್ರೆಸ್ಸಿಂಗ್ ಮಾತ್ರ, ಇನ್ನರ್ಧಕ್ಕೆ ಡ್ರೆಸ್ಸಿಂಗ್ ಜೊತೆ ಲೇಸರ್. 15 ದಿನಗಳಲ್ಲಿ ಲೇಸರ್ ಪಡೆದವರ ಹುಣ್ಣು ಸರಾಸರಿ ಶೇ 40ರಷ್ಟು ಕುಗ್ಗಿತ್ತು, ಉಳಿದವರದು ಶೇ 12ರಷ್ಟು. ಅವೆಲ್ಲ ಆಳಕ್ಕಿಳಿಯದ ಹುಣ್ಣುಗಳು ಅನ್ನುವುದು ನೆನಪಿರಲಿ.

ಇದನ್ನು ತರಬೇತಿ ಇದ್ದವರೇ ಮಾಡಬೇಕು. ಆದರೆ ಕ್ರಮ ಗೊತ್ತಿದ್ದರೆ ನೀವು ಪಕ್ಕದಲ್ಲಿ ನಿಂತು ನೋಡಬಹುದು, ಕೇಳಬಹುದು.

1. ಹಳೆ ಪಟ್ಟಿ ಅಂಟಿಕೊಂಡಿದ್ದರೆ ಸಲೈನ್ (ಶುದ್ಧ ಉಪ್ಪುನೀರು) ಹಾಕಿ ನೆನೆಸಿ ಬಿಡಿಸಬೇಕು. ಸುಮ್ನೆ ಎಳೆದರೆ ಹೊಸದಾಗಿ ಬಂದ ಚರ್ಮವೂ ಕಿತ್ತು ಬರುತ್ತದೆ.

2. ಗಾಯವನ್ನು ಸಲೈನ್‌ನಲ್ಲಿ ತೊಳೆದು, ಸತ್ತ ಚರ್ಮವನ್ನು ವೈದ್ಯರು ತೆಗೆಯುತ್ತಾರೆ. ಮುಲಾಮು, ಕಂದು ಬಣ್ಣದ ಅಯೋಡಿನ್ ಒಂದಿಷ್ಟೂ ಉಳಿಯಬಾರದು. ಉಳಿದರೆ ಬೆಳಕನ್ನು ಅದೇ ಹೀರಿಕೊಳ್ಳುತ್ತದೆ, ಗಾಯಕ್ಕೆ ತಲುಪುವುದಿಲ್ಲ.

3. ಈಗ ಬೆಳಕು. ರೋಗಿಗೂ ಚಿಕಿತ್ಸೆ ಕೊಡುವವರಿಗೂ ಕಣ್ಣಿಗೆ ರಕ್ಷಣೆಯ ಕನ್ನಡಕ ಬೇಕೇ ಬೇಕು. ಸಾಮಾನ್ಯವಾಗಿ ಬಳಸುವುದು 630ರಿಂದ 660 ನ್ಯಾನೋಮೀಟರ್ ತರಂಗಾಂತರದ ಕೆಂಪು ಬೆಳಕು. ಜೀವಕೋಶದೊಳಗಿನ ಮೈಟೋಕಾಂಡ್ರಿಯಾ ಇದನ್ನು ಹೀರಿಕೊಂಡು ರಿಪೇರಿ ಕೆಲಸಕ್ಕೆ ಬೇಕಾದ ಶಕ್ತಿ ಕೊಡುತ್ತದೆ. ಗಾಯದ ತಳಕ್ಕೂ ಅಂಚಿಗೂ ಬೆಳಕು ಬೀಳಬೇಕು, ಏಕೆಂದರೆ ಹೊಸ ಚರ್ಮ ಬೆಳೆಯುತ್ತಾ ಬರುವುದು ಅಂಚಿನಿಂದ. ಎಷ್ಟು ಹೊತ್ತು? ಚದರ ಸೆಂಟಿಮೀಟರಿಗೆ 4 ಜೂಲ್ ಕೊಡಬೇಕು ಅಂದುಕೊಳ್ಳಿ. ಯಂತ್ರ ಅಷ್ಟೇ ಜಾಗಕ್ಕೆ 50 ಮಿಲಿವ್ಯಾಟ್, ಅಂದರೆ ಸೆಕೆಂಡಿಗೆ 0.05 ಜೂಲ್, ಕೊಡುವಂಥದ್ದಾದರೆ 80 ಸೆಕೆಂಡ್ ಸಾಕು. ಜಾಸ್ತಿ ಹೊತ್ತು ಹಿಡಿದರೆ ಬೇಗ ವಾಸಿ ಅನ್ನುವುದು ತಪ್ಪು. ಪ್ರಮಾಣ ಮೀರಿದರೆ ಮಾಯುವ ಕೆಲಸವೇ ನಿಧಾನವಾಗಬಹುದು.

4. ಬೆಳಕು ಮುಗಿದ ತಕ್ಷಣ ಗಾಯ ಮುಚ್ಚಬೇಕು. ಸೋರುವ ಗಾಯಕ್ಕೆ ದ್ರವ ಹೀರುವ ಆಲ್ಜಿನೇಟ್ ಅಥವಾ ಫೋಮ್ ಪಟ್ಟಿ, ಒಣಗಿದ ಗಾಯಕ್ಕೆ ತೇವ ಕೊಡುವ ಹೈಡ್ರೋಜೆಲ್. 'ಗಾಳಿ ಆಡಲಿ ಬಿಡು' ಅಂತ ಹಿರಿಯರು ಹೇಳುತ್ತಾರೆ, ಅಲ್ವಾ? ಆದರೆ ಸಂಶೋಧಕ ಜಾರ್ಜ್ ವಿಂಟರ್ 1962ರಲ್ಲೇ ಹಂದಿಗಳ ಗಾಯದಲ್ಲಿ ತೋರಿಸಿದ್ದು ಬೇರೆ: ಮುಚ್ಚಿ ತೇವವಾಗಿಟ್ಟ ಗಾಯದಲ್ಲಿ ಚರ್ಮ ಬೇಗ ಬೆಳೆಯುತ್ತದೆ. ಒಣ ಹಕ್ಕಳೆ ಅದಕ್ಕೆ ಅಡ್ಡಿ.

ವಾರಕ್ಕೊಮ್ಮೆ ಗಾಯದ ಅಳತೆ ಬರೆದಿಡಲು ಹೇಳಿ. ಹೊಸ ಮಾಂಸ ಚಿಗುರಿದರೆ ತಳ ದಾಳಿಂಬೆ ಕಾಳಿನ ಹಾಗೆ ಕೆಂಪಗೆ, ಹರಳು ಹರಳಾಗಿ ಕಾಣುತ್ತದೆ. ಅದನ್ನು ಕಂಡಾಗ ಆಗುವ ಸಮಾಧಾನವೇ ಬೇರೆ. ಶುಗರ್ ಹತೋಟಿಯಲ್ಲಿರಲಿ, ಆ ಕಾಲಿನ ಮೇಲೆ ಭಾರ ಬೀಳದಿರಲಿ. ಇವೆರಡು ಇಲ್ಲದಿದ್ದರೆ ಬೆಳಕೂ ಪಟ್ಟಿಯೂ ಸೋಲುತ್ತವೆ. ಕ್ಯಾನ್ಸರ್ ಅನುಮಾನ ಇರುವ ಹುಣ್ಣಿಗೆ ಮಾತ್ರ ಈ ಬೆಳಕು ಬೇಡ.

ಗಾಯ ಕಪ್ಪಾದರೆ, ವಾಸನೆ ಬಂದರೆ, ಜ್ವರ ಕಾಣಿಸಿಕೊಂಡರೆ ಮುಂದಿನ ಡ್ರೆಸ್ಸಿಂಗ್ ದಿನಕ್ಕೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.