ಸೆಕೆಯ ಮೂಲ ಹುಡುಕುತ್ತ ತಾರಸಿ ಹತ್ತಿದ್ದು: ನನ್ನ ಅನುಭವ

ನಮ್ಮ ಮನೆಯ ಮೇಲಂತಸ್ತಿನ ಮಲಗುವ ಕೋಣೆಯಲ್ಲಿ ಬೇಸಿಗೆಯ ರಾತ್ರಿ ಹತ್ತು ಗಂಟೆಯಾದರೂ ಸೆಕೆ ಇಳಿಯುತ್ತಿರಲಿಲ್ಲ. ಹೊರಗೆ ತಂಗಾಳಿ ಬೀಸುತ್ತಿರುವಾಗಲೂ ಒಳಗೆ ಫ್ಯಾನಿನಿಂದ ಬಿಸಿ ಗಾಳಿಯೇ ಬರುತ್ತಿತ್ತು. ಇದ್ದ ಒಂದು ಟನ್ನಿನ ಏಸಿ ಸಾಲದೆಂದು ಒಂದೂವರೆ ಟನ್ನಿನದನ್ನು ಕೊಳ್ಳಲು ನಾನು ಬಹುಮಟ್ಟಿಗೆ ನಿರ್ಧರಿಸಿದ್ದೆ. ಆದರೆ ಅದಕ್ಕೂ ಮೊದಲು ಕಾವು ಯಾವ ದಿಕ್ಕಿನಿಂದ ಬರುತ್ತಿದೆ ಎಂಬುದನ್ನು ಅಳೆದು ನೋಡೋಣವೆಂದು, ಮುಟ್ಟದೆಯೇ ಮೇಲ್ಮೈಯ ತಾಪಮಾನ ತೋರಿಸುವ ಇನ್‌ಫ್ರಾರೆಡ್ ಥರ್ಮಾಮೀಟರೊಂದನ್ನು ತಂದೆ.

ಸಂಜೆ ಏಳು ಗಂಟೆಗೆ ಕೋಣೆಯ ಗಾಳಿ 32 ಡಿಗ್ರಿ ಸೆಲ್ಸಿಯಸ್ ಇತ್ತು, ಗೋಡೆಗಳು ಒಂದೆರಡು ಡಿಗ್ರಿ ಹೆಚ್ಚು ತೋರಿಸಿದವು, ಚಾವಣಿಯ ಒಳಮೈ ಮಾತ್ರ 40 ಡಿಗ್ರಿ ಇತ್ತು. ನಮ್ಮ ಮೈಗೆ ಆಗುವ ಸೆಕೆ ಸುತ್ತಲಿನ ಗಾಳಿಯಿಂದ ಮಾತ್ರ ಬರುವುದಿಲ್ಲ. ಗೋಡೆ, ಚಾವಣಿ, ಕಿಟಕಿಯ ಗಾಜು ಇವೆಲ್ಲ ಬೀರುವ ಶಾಖವೂ ಅಷ್ಟೇ ಪ್ರಮಾಣದಲ್ಲಿ ತಾಗುತ್ತದೆ. ದಿನವಿಡೀ ಬಿಸಿಲು ಕುಡಿದ ಕಾಂಕ್ರೀಟು ಆ ಕಾವನ್ನು ಗಂಟೆಗಟ್ಟಲೆ ಹಿಡಿದಿಟ್ಟುಕೊಂಡು ರಾತ್ರಿಯ ಹೊತ್ತಿಗೆ ಕೆಳಗೆ ಬಿಡುವುದರಿಂದ, ಏಸಿ ಗಾಳಿಯನ್ನೆಷ್ಟೇ ತಂಪು ಮಾಡಿದರೂ ತಲೆಯ ಮೇಲಿನ ಆ ಬಿಸಿ ಹಾಸು ಆರುತ್ತಿರಲಿಲ್ಲ. ದೊಡ್ಡ ಏಸಿ ತಂದಿದ್ದರೆ ಅದು ರಾತ್ರಿಯೆಲ್ಲ ಚಾವಣಿಯೊಂದಿಗೆ ಸೆಣಸುತ್ತಲೇ ಇರುತ್ತಿತ್ತು. ಆದ್ದರಿಂದ ಕೆಲಸವನ್ನು ತಾರಸಿಯಿಂದಲೇ ಆರಂಭಿಸಿದೆ.

ಶಾಖನಿರೋಧಕ ಹಲಗೆಯನ್ನು ಕೋಣೆಯ ಒಳಗಿನಿಂದ ಚಾವಣಿಗೆ ಅಂಟಿಸುವುದು ಸುಲಭವಾದರೂ, ಬಿಸಿಲು ಕಾಂಕ್ರೀಟನ್ನು ಕಾಯಿಸುವ ಮೊದಲೇ ತಡೆಯುವುದು ಮೇಲೆ ಹಾಕಿದಾಗ ಮಾತ್ರ ಸಾಧ್ಯ. ಹಾಗೆ ಮಾಡಿದರೆ ಕಾಂಕ್ರೀಟು ಹಗಲಿನ ಕಾವಿಗೆ ಹಿಗ್ಗಿ ರಾತ್ರಿಯ ತಂಪಿಗೆ ಕುಗ್ಗುವುದೂ ಕಡಿಮೆಯಾಗಿ ಬಿರುಕು ಬಿಡುವ ಸಂಭವ ತಗ್ಗುತ್ತದೆ. ಹಳೆಯ ಗಾರೆಯನ್ನು ಕೆತ್ತಿಸಿ, ಬಿರುಕುಗಳನ್ನು ಅಗಲಿಸಿ ತುಂಬಿಸಿ, ನೀರು ಹೊರಹೋಗುವ ಕೊಳವೆಯ ಕಡೆಗೆ ಇಳಿಜಾರು ಕೊಟ್ಟು, ಅದರ ಮೇಲೆ ವಾಟರ್‌ಪ್ರೂಫಿಂಗ್ ಲೇಪನ ಮಾಡಿಸಿದೆ. ಬಳಿಕ 50 ಮಿಲಿಮೀಟರ್ ದಪ್ಪದ, ನೀರು ಹೀರದ ಗಟ್ಟಿ ಪಾಲಿಸ್ಟೈರೀನ್ ಹಲಗೆಗಳನ್ನು, ಒಂದು ಸಾಲಿನ ಸಂದು ಇನ್ನೊಂದು ಸಾಲಿನ ಸಂದಿಗೆ ನೇರವಾಗಿ ಬಾರದಂತೆ ಜೋಡಿಸಲಾಯಿತು. ಈ ಹಲಗೆ ಕಾಂಕ್ರೀಟಿಗಿಂತ ಸುಮಾರು 40 ಪಟ್ಟು ನಿಧಾನವಾಗಿ ಶಾಖವನ್ನು ದಾಟಿಸುತ್ತದೆ. ಅದರ ಮೇಲೆ ತಂತಿಯ ಜಾಲರಿ ಹಾಸಿದ ಕಾಂಕ್ರೀಟಿನ ತೆಳು ಪದರ, ಕೊನೆಗೆ ಬಿಸಿಲನ್ನು ಹಿಂದಕ್ಕೆ ಎಸೆಯುವ ಬಿಳಿಯ ಟೈಲ್ಸ್ ಬಂದವು.

ಇಲ್ಲಿ ನನ್ನಿಂದ ಒಂದು ದೊಡ್ಡ ತಪ್ಪಾಯಿತು. ಲೇಪನ ಒಣಗಿದ ಮೇಲೆ ತಾರಸಿಯಲ್ಲಿ ನೀರು ಕಟ್ಟಿ, ಕನಿಷ್ಠ ಒಂದು ಇಡೀ ದಿನ ಬಿಟ್ಟು, ಸೋರುತ್ತದೆಯೇ ಎಂದು ನೋಡಬೇಕಿತ್ತು. ಮಳೆಗಾಲ ಹತ್ತಿರವಾಯಿತೆಂಬ ಅವಸರದಲ್ಲಿ ನಾನು ಅದನ್ನು ಬಿಟ್ಟುಬಿಟ್ಟೆ. ಮೊದಲ ಜೋರು ಮಳೆಗೆ ಚಾವಣಿಯ ನಡುವೆ ಅಂಗೈಯಗಲದ ತೇವದ ಕಲೆ ಮೂಡಿತು. ಆ ಜಾಗದ ನೇರ ಮೇಲೆ ಟೈಲ್ಸ್ ಕಿತ್ತು ನೋಡಿದರೆ ಲೇಪನ ಸರಿಯಾಗಿಯೇ ಇತ್ತು. ನೀರು ಎರಡು ಮೀಟರ್ ಆಚೆ, ಕೊಳವೆಯ ಕೊರಳಿನ ಸುತ್ತಲಿನ ಕೂದಲೆಳೆಯಂಥ ಸೀಳಿನಲ್ಲಿ ಇಳಿದು, ಕಾಂಕ್ರೀಟಿನೊಳಗಿನ ಹಳೆಯ ಬಿರುಕನ್ನು ಹಿಡಿದು ಅಲ್ಲಿಯವರೆಗೆ ಹರಿದಿತ್ತು. ಆ ಮೂಲೆಯ ಟೈಲ್ಸ್, ಕಾಂಕ್ರೀಟು, ಹಲಗೆ ಎಲ್ಲವನ್ನೂ ಎಬ್ಬಿಸಿ, ಕೊಳವೆಯ ಸುತ್ತ ಮತ್ತೆ ಲೇಪಿಸಿ, ಈ ಬಾರಿ ನೀರು ಕಟ್ಟಿ ಎರಡು ದಿನ ಕಾದೆವು. ಮರುವರ್ಷ ಅದೇ ಹೊತ್ತಿಗೆ ಅಳೆದಾಗ ಚಾವಣಿ 34 ಡಿಗ್ರಿ ತೋರಿಸಿತು.

ಪಶ್ಚಿಮದ ಕಿಟಕಿಯದು ಇನ್ನೊಂದು ಸಮಸ್ಯೆ. ಸಂಜೆಯ ಸೂರ್ಯ ಕೆಳಗಿಳಿದಿರುವುದರಿಂದ ಬಿಸಿಲು ಸಜ್ಜಾದ ಅಡಿಯಿಂದಲೇ ಒಳಗೆ ನುಗ್ಗುತ್ತದೆ. ದಪ್ಪ ಬಟ್ಟೆಯ ಪರದೆಯನ್ನು ಒಳಗೆ ಕಟ್ಟಿದ್ದೆವು. ಆದರೆ ಗಾಜನ್ನು ದಾಟಿ ಬಂದ ಬಿಸಿಲು ಪರದೆಯನ್ನು ಕಾಯಿಸಿ, ಆ ಕಾವು ಕೋಣೆಯಲ್ಲೇ ಉಳಿಯುತ್ತಿತ್ತು. ಕಿಟಕಿಯ ಹೊರಗೆ, ಗಾಜಿನಿಂದ ಒಂದು ಗೇಣು ದೂರದಲ್ಲಿ, ಬಿಸಿಯಾದ ಗಾಳಿ ಮೇಲೆ ಹೋಗಲು ಎಡೆಯಿಟ್ಟು ಬಿದಿರಿನ ಪರದೆ ಇಳಿಬಿಟ್ಟ ಮೇಲೆ ವ್ಯತ್ಯಾಸವನ್ನು ಅಳೆಯಬೇಕಾದ ಅಗತ್ಯವೇ ಬರಲಿಲ್ಲ. ಗಾಜಿಗೆ ಕೈಯಿಟ್ಟರೆ ಸಾಕಿತ್ತು.

ಏಸಿ ಇರುವ ಆ ಕೋಣೆಯ ಸಂದುಗಳನ್ನು ಊದುಬತ್ತಿ ಹಿಡಿದು ಹುಡುಕಿದೆ. ಹೊಗೆ ವಾಲಿದ ಕಡೆಯಲ್ಲೆಲ್ಲ, ಅಂದರೆ ಕಿಟಕಿಯ ಕದ ಚೌಕಟ್ಟಿಗೆ ಕೂಡುವಲ್ಲಿ, ಬಾಗಿಲಿನ ಅಡಿಯಲ್ಲಿ, ಏಸಿಯ ಕೊಳವೆ ಗೋಡೆ ದಾಟುವಲ್ಲಿ ರಬ್ಬರ್ ಪಟ್ಟಿ, ಸೀಲೆಂಟ್ ಹಾಕಿಸಿದೆ. ಹೀಗೆ ಬಿಗಿ ಮಾಡಿದ ಮನೆಯಲ್ಲಿ ಸ್ನಾನದ ಮನೆ ಮತ್ತು ಅಡುಗೆಮನೆಯ ಹಬೆ ಹೊರಹೋಗಲು ಎಕ್ಸಾಸ್ಟ್ ಫ್ಯಾನ್ ಇರಲೇಬೇಕು. ಇಲ್ಲದಿದ್ದರೆ ಕಪಾಟುಗಳ ಹಿಂದೆ ಬೂಷ್ಟು ಬೆಳೆಯುತ್ತದೆ.

ಉಪಕರಣಗಳನ್ನು ಕೊನೆಗೆ ಬದಲಿಸಿದೆ. ಸುಮಾರು 75 ವಾಟ್ ಬೇಡುವ ಹಳೆಯ ಫ್ಯಾನಿನ ಬದಲು 30 ವಾಟ್ ಸಾಕಾಗುವ ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ ಮೋಟಾರಿನ) ಫ್ಯಾನ್ ಹಾಕಿದರೆ, ದಿನಕ್ಕೆ ಹತ್ತು ಗಂಟೆ ತಿರುಗುವ ಒಂದೊಂದು ಫ್ಯಾನಿನಲ್ಲೂ ಹೆಚ್ಚುಕಡಿಮೆ ಅರ್ಧ ಯೂನಿಟ್ ಉಳಿಯುತ್ತದೆ. ಹೊಸ ಏಸಿಯನ್ನು ಕೊಳ್ಳಲೇ ಇಲ್ಲ. ಹಳೆಯದನ್ನೇ 26 ಡಿಗ್ರಿಗಿಟ್ಟು ಜೊತೆಗೆ ಫ್ಯಾನ್ ಹಾಕಿಕೊಂಡರೆ ಒಂದೆರಡು ಗಂಟೆಯಲ್ಲಿ ಅದನ್ನು ನಿಲ್ಲಿಸಿ ಮಲಗಬಹುದಾಗಿದೆ.

ಪಶ್ಚಿಮದ ಗೋಡೆಯ ಹೊರಮೈ ಕೆಲಸ ಇನ್ನೂ ಬಾಕಿ ಇದೆ. ಸಂಜೆ ಏಳಕ್ಕೆ ಅದರ ಒಳಮೈ ಈಗಲೂ 35 ಡಿಗ್ರಿ ತೋರಿಸುತ್ತಿರುವುದರಿಂದ, ಸದ್ಯಕ್ಕೆ ಮಂಚವನ್ನು ಎದುರಿನ ಗೋಡೆಯ ಬದಿಗೆ ಸರಿಸಿದ್ದೇನೆ.