ನನ್ನ ಅನುಭವ: 18 ಮೀಟರ್ ಹಗ್ಗ ಹಿಡಿದು ಕರೆಂಟ್ ಲೈನ್ ನಡೆದದ್ದು

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ಯಾವಾಗ ಬರುತ್ತೆ ಅಂತ ಯಾರೂ ಕೇಳುವುದಿಲ್ಲ. ಟಾರ್ಚ್ ಚಾರ್ಜ್ ಆಗಿದೆಯಾ ಅಂತ ಕೇಳುತ್ತಾರೆ. ಜುಲೈ ಗಾಳಿಗೆ 11 ಕೆವಿ (ಕಿಲೋವೋಲ್ಟ್) ತಂತಿ ಮೇಲೆ ಒಂದು ಮರ ಬಿದ್ದರೆ ಎರಡು ದಿನ ಕತ್ತಲು. ಲೈನ್‌ಮನ್‌ಗಳನ್ನು ಬೈಯುವ ಹಾಗೂ ಇಲ್ಲ. ಜಿಗಣೆ ಕಚ್ಚಿಸಿಕೊಂಡು, ಸುರಿಯುವ ಮಳೆಯಲ್ಲಿ ತೋಟದೊಳಗೆ ತುಂಡಾದ ತಂತಿ ಹುಡುಕುವವರು ಅವರೇ, ಪಾಪ.

ಹಾಗಾಗಿ ವಿರಾಜಪೇಟೆ ತಾಲ್ಲೂಕಿನ ನಮ್ಮೂರ ಹತ್ತಿರ 66 ಕೆವಿ ಸಬ್‌ಸ್ಟೇಷನ್ ಬರುತ್ತೆ, ಅದಕ್ಕೊಂದು ಹೊಸ ಲೈನ್ ಎಳೆಯುತ್ತಾರೆ ಎಂದಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಒಂದು ತಿಂಗಳು ಕಳೆಯಿತು. ಪಕ್ಕದ ತೋಟದವರು ಬೆಳಿಗ್ಗೆ ಬೆಳಿಗ್ಗೆ ಫೋನ್ ಮಾಡಿ, "ನಮ್ಮ ಮರಕ್ಕೆಲ್ಲ ಯಾರೋ ಕೆಂಪು ಬಣ್ಣ ಬಳಿದು ಹೋಗಿದ್ದಾರೆ, ಬಂದು ನೋಡಿ" ಎಂದರು.

ನಾನು ಓದಿದ್ದು ಪರಿಸರ ವಿಜ್ಞಾನ. ಊರಿಗೆ ವಾಪಸ್ ಬಂದು ಕಾಫಿ ನೋಡಿಕೊಳ್ಳುವ ಮೊದಲು ಕೆಲವು ವರ್ಷ ಬೇರೆಯವರ ಯೋಜನೆಗಳಿಗೆ ವರದಿ ಬರೆಯುವ ಕೆಲಸದಲ್ಲಿದ್ದೆ. ಪಂಚಾಯಿತಿಯವರಿಗೆ ಅದು ಗೊತ್ತಿತ್ತು. "ನೀವೇ ಒಂದು ವರದಿ ಮಾಡಿ ಕೊಡಿ, ದುಡ್ಡು ಮಾತ್ರ ಕೇಳಬೇಡಿ" ಎಂದರು. ಒಪ್ಪಿಕೊಂಡೆ.

ಎಲ್ಲರೂ ಕೇಳಿದ ಮೊದಲ ಪ್ರಶ್ನೆ ಒಂದೇ. "ಇದಕ್ಕೆ ಪರಿಸರ ಅನುಮತಿ ತಗೊಂಡಿರ್ತಾರೆ ಅಲ್ವಾ?" ತಗೊಂಡಿರುವುದಿಲ್ಲ, ತಗೊಳ್ಳಬೇಕಾಗಿಯೂ ಇಲ್ಲ. ಯಾವ ಯೋಜನೆಗೆ ಪರಿಸರ ಅನುಮತಿ ಬೇಕು ಅಂತ 2006ರ ಅಧಿಸೂಚನೆಯಲ್ಲಿ ಒಂದು ಪಟ್ಟಿ ಇದೆ. ಅದರಲ್ಲಿ ಕರೆಂಟ್ ಲೈನ್, ಸಬ್‌ಸ್ಟೇಷನ್ ಎರಡೂ ಇಲ್ಲ. ಪಟ್ಟಿಯಲ್ಲಿ ಇಲ್ಲ ಅಂದಮೇಲೆ ಆ ಅಧಿಸೂಚನೆಯ ಸಾರ್ವಜನಿಕ ಅಹವಾಲು ಸಭೆಯೂ ಇಲ್ಲ. ಲೈನ್ ಕಾಡನ್ನು ಮುಟ್ಟಿದರೆ ಮಾತ್ರ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಎದ್ದು ಕೂರುತ್ತದೆ. ಖಾಸಗಿ ತೋಟ ಅಂದರೆ 2003ರ ವಿದ್ಯುತ್ ಕಾಯ್ದೆಯ 164ನೇ ಕಲಂ. ಅದರ ಬೆನ್ನಿಗೆ 1885ರ ಟೆಲಿಗ್ರಾಫ್ ಕಾಯ್ದೆ, ಬ್ರಿಟಿಷರು ತಂತಿ ಕಂಬ ನೆಡಲು ಮಾಡಿಕೊಂಡದ್ದು. ನಿಮ್ಮ ಜಾಗವನ್ನು ಅವರು ಕೊಳ್ಳುವುದಿಲ್ಲ, ಬಳಸಿಕೊಳ್ಳುತ್ತಾರೆ. ನೀವು ತಡೆದರೆ ಜಿಲ್ಲಾಧಿಕಾರಿಯಿಂದ ಆದೇಶ ತರಬಹುದು. ಪರಿಹಾರ ಸಾಲದು ಅನಿಸಿದರೆ ನೀವು ಜಿಲ್ಲಾ ನ್ಯಾಯಾಧೀಶರ ಹತ್ತಿರ ಹೋಗಬೇಕು.

ಬಯಲುಸೀಮೆಯಲ್ಲಿ ಇದು ಅಷ್ಟು ದೊಡ್ಡ ವಿಷಯ ಅಲ್ಲದಿರಬಹುದು. ಕೊಡಗಿನಲ್ಲಿ ಕಾಫಿ ತೋಟ ಕಾಗದದ ಮೇಲೆ ಮಾತ್ರ ತೋಟ. ಒಳಗೆ ಹೋಗಿ ತಲೆ ಎತ್ತಿದರೆ ನಂದಿ, ಮತ್ತಿ, ಹಲಸು, ಅತ್ತಿ, ಬೀಟೆ. ಮೈಸೂರು-ಕೋಝಿಕ್ಕೋಡ್ 400 ಕೆವಿ ಲೈನ್ ನಮ್ಮ ಜಿಲ್ಲೆ ಮೇಲೆ ಹಾದುಹೋದಾಗ ಬಿದ್ದ ಮರಗಳ ಸಂಖ್ಯೆ ಐವತ್ತು ಸಾವಿರ ದಾಟಿತು ಅಂತ ಪತ್ರಿಕೆಗಳಲ್ಲಿ ಓದಿದ ನೆನಪು ಎಲ್ಲರಿಗೂ ಇದೆ. 400 ಕೆವಿಗೆ 46 ಮೀಟರ್ ಅಗಲದ ಪಟ್ಟಿ ಬೇಕು. ನಮ್ಮ 66 ಕೆವಿಗೆ 18 ಮೀಟರ್ ಸಾಕು. ಕೇಳಲು ಕಡಿಮೆ ಅನಿಸುತ್ತೆ. ಗುಣಿಸಿ ನೋಡಿ, ಒಂದು ಕಿಲೋಮೀಟರಿಗೆ ಸುಮಾರು ನಾಲ್ಕೂವರೆ ಎಕರೆ.

ಮೊದಲು ನಕ್ಷೆ ಬೇಕಿತ್ತು. ಬಾಯಲ್ಲಿ ಕೇಳಿದರೆ "ಇನ್ನೂ ಫೈನಲ್ ಆಗಿಲ್ಲ" ಅನ್ನುತ್ತಿದ್ದರು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. 30 ದಿನದ ಗಡುವು ಮುಗಿಯುವ ಹೊತ್ತಿಗೆ ಒಂದು ಮಸುಕಾದ ಜೆರಾಕ್ಸ್ ಬಂತು. ಕೋನ ತಿರುಗುವ ಟವರ್‌ಗಳ ಅಕ್ಷಾಂಶ ರೇಖಾಂಶ ಅದರಲ್ಲಿತ್ತು. ಅದೇ ಬಂಗಾರ. ಆ ಅಂಕಿಗಳನ್ನು ಗೂಗಲ್ ಅರ್ಥ್‌ಗೆ ಹಾಕಿ ಗೆರೆ ಎಳೆದೆ. ಸುಮಾರು ಏಳು ಕಿಲೋಮೀಟರ್.

ಇಲ್ಲೇ ನಾನು ಎಡವಿದ್ದು. ಡಿಸೆಂಬರ್, ಹಣ್ಣು ಕೊಯ್ಲಿನ ಸಮಯ, ಆಳಿಲ್ಲ, ನನಗೂ ಪುರುಸೊತ್ತಿಲ್ಲ. ಮನೆಯಲ್ಲೇ ಕೂತು ಉಪಗ್ರಹ ಚಿತ್ರದಲ್ಲಿ ಮರದ ತಲೆಗಳನ್ನು ಎಣಿಸಿದೆ. ಮೊದಲ ಒಂದು ಕಿಲೋಮೀಟರಿನಲ್ಲಿ 210 ಬಂತು. ಆಮೇಲೆ ಅದೇ ಜಾಗವನ್ನು ನಡೆದು ಎಣಿಸಿದರೆ 463. ನಾಚಿಕೆಯಾಯಿತು. ಮೇಲಿಂದ ಒಂದು ತಲೆ ಕಾಣುವ ಕಡೆ ಕೆಳಗೆ ದೊಡ್ಡ ನಂದಿ, ಅದರ ನೆರಳಲ್ಲಿ ಎರಡು ಹಾಲುವಾಣ, ಒಂದು ಸಣ್ಣ ಹಲಸು. ಉಪಗ್ರಹಕ್ಕೆ ಕಂಡದ್ದು ನಂದಿ ಮಾತ್ರ. ವರದಿ ಬರೆದು ಸಂಬಳ ತಗೊಳ್ಳುತ್ತಿದ್ದ ಕಾಲದಲ್ಲಿ ಹೀಗೇ ಎಷ್ಟು ಕಡೆ ಎಣಿಸಿದ್ದೆನೋ, ಆ ಯೋಚನೆ ಈಗಲೂ ಬೇಡ ಅನಿಸುತ್ತೆ.

ಕೊಯ್ಲು ಮುಗಿದ ಮೇಲೆ ಹಗ್ಗ ಕೈಗೆ ಬಂತು. ಸರಿಯಾಗಿ 18 ಮೀಟರಿನ ನೈಲಾನ್ ಹಗ್ಗ, ನಡುವೆ ಒಂದು ಕೆಂಪು ಬಟ್ಟೆ. ನಡುವಿನ ಬಟ್ಟೆ ಲೈನಿನ ಗೆರೆ ಮೇಲೆ, ಎರಡು ತುದಿಯಲ್ಲಿ ಇಬ್ಬರು ಹುಡುಗರು. ನಾನು ಮಧ್ಯದಲ್ಲಿ ಜಿಪಿಎಸ್ ಹಿಡಿದು ನಡೆಯುವುದು. ಹಗ್ಗದೊಳಗೆ ಬಂದ ಪ್ರತಿ ಮರದ ಸುತ್ತಳತೆಯನ್ನು ಎದೆ ಎತ್ತರದಲ್ಲಿ, ಅಂದರೆ ನೆಲದಿಂದ ನಾಲ್ಕೂವರೆ ಅಡಿಯಲ್ಲಿ ಅಳೆಯುವುದು. ಜಾತಿ, ಸುತ್ತಳತೆ, ಮೆಣಸಿನ ಬಳ್ಳಿ ಇದೆಯಾ ಇಲ್ವಾ, ಯಾರ ತೋಟ. ಇಷ್ಟೇ ನಾಲ್ಕು ಕಾಲಂ. ಮೊದಲ ದಿನ ಹದಿನಾಲ್ಕು ಕಾಲಂ ಇಟ್ಟುಕೊಂಡಿದ್ದೆ, ಮಧ್ಯಾಹ್ನದೊಳಗೆ ಹುಡುಗರು ಮುಖ ಊದಿಸಿಕೊಂಡರು. ಕಾಫಿ ಗಿಡದ ನಡುವೆ ಹಗ್ಗ ಎಳೆಯುವುದು ಏನು ಅಂತ ಎಳೆದವರಿಗೇ ಗೊತ್ತು. ಏಳು ಕಿಲೋಮೀಟರಿಗೆ ಹನ್ನೊಂದು ದಿನ ಬೇಕಾಯಿತು.

ಆರನೇ ದಿನ, ಮಾರ್ಚ್ ಮೊದಲ ವಾರ. ಹೂಮಳೆ ಬಿದ್ದು ರೊಬಸ್ಟಾ ಹೂ ಬಿಟ್ಟಿತ್ತು, ಇಡೀ ತೋಟ ಜೇನುಹುಳದ ಸದ್ದು. ಒಂದು ಹಳೇ ಮತ್ತಿ ಮರಕ್ಕೆ ಟೇಪ್ ಸುತ್ತಲು ಹೋದೆ. ಬುಡದ ಒಂದೇ ಪಕ್ಕದಲ್ಲಿ ಬೀಜದ ರಾಶಿ. ಅತ್ತಿಯ ಸಣ್ಣ ಬೀಜ, ಇನ್ಯಾವುದೋ ಕಾಡುಹಣ್ಣಿನ ಗೊರಟ, ಒಣಗಿದ ಹಿಕ್ಕೆ. ಮರ ಮಾತ್ರ ಅತ್ತಿಯಲ್ಲ. ತಲೆ ಎತ್ತಿ ನೋಡಿದರೆ ತುಂಬಾ ಮೇಲೆ ಕಾಂಡದಲ್ಲಿ ಒಂದು ಪೊಟರೆ. ಬಾಯಿ ಮೆತ್ತಿ ಮುಚ್ಚಿ ಸೀಳಿನಷ್ಟು ಮಾತ್ರ ತೆರೆದಿತ್ತು. ಮಂಗಟ್ಟೆ ಹಕ್ಕಿಯ ಗೂಡು. ಹೆಣ್ಣು ಒಳಗೆ ಕೂತು ಬಾಗಿಲು ಮುಚ್ಚಿಕೊಂಡಿದೆ, ಗಂಡು ಹಣ್ಣು ತಂದು ಸೀಳಿನಲ್ಲಿ ಕೊಡಬೇಕು. ನಾವು ದೂರ ಹೋಗಿ ಕಾಫಿ ಗಿಡದ ಮರೆಯಲ್ಲಿ ಕೂತೆವು. ಮುಕ್ಕಾಲು ಗಂಟೆ ಆದ ಮೇಲೆ ಗಂಡು ಬಂತು, ಬೂದು ಮಂಗಟ್ಟೆ. ಗಂಟಲಿನಿಂದ ಒಂದೊಂದೇ ಹಣ್ಣು ಮೇಲೆ ತಂದು ಕೊಡುತ್ತಿತ್ತು. ಹಗ್ಗದ ಹುಡುಗನೊಬ್ಬ ಹನ್ನೆರಡರವರೆಗೆ ಎಣಿಸಿದ. ಆ ಮರಕ್ಕೂ ಕೆಂಪು ಬಣ್ಣ ಬಿದ್ದಿತ್ತು. ಸರ್ವೆಯವರ ಪಟ್ಟಿಯಲ್ಲಿ ಅದು 'ಕಾಡು ಮರ, 1'.

ಅವತ್ತಿನಿಂದ ನಾಲ್ಕು ಕಾಲಂ ಐದಾಯಿತು. ಪೊಟರೆ ಇದೆಯಾ.

ಎಣಿಸುತ್ತಾ ಹೋದಂತೆ ಇನ್ನೊಂದು ಸಮಸ್ಯೆ ಎದ್ದಿತು. ಅದು ಕೊಡಗಿನದೇ. ಮರ ಯಾರದು? ಸಾಗು ಜಾಗದಲ್ಲಿ ಒಂದು ಲೆಕ್ಕ, ಬಾಣೆಯಲ್ಲಿ, ಅಂದರೆ ಗದ್ದೆಯ ಜೊತೆಗೆ ಹಿಂದೆ ಬಿಟ್ಟುಕೊಟ್ಟ ಕಾಡು ಜಾಗದಲ್ಲಿ, ಇನ್ನೊಂದು. ರಿಡೀಮ್ ಆಗದ, ಅಂದರೆ ಮರದ ಬೆಲೆ ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಳ್ಳದ ಬಾಣೆಯಲ್ಲಿ ಮರದ ಹಕ್ಕು ಸರ್ಕಾರದ್ದು. ಅಜ್ಜನ ಕಾಲದಿಂದ ನೆರಳು ನೋಡಿಕೊಂಡು, ಮರಗಸಿ (ಕೊಂಬೆ ಸವರುವುದು) ಮಾಡಿ, ಮೆಣಸು ಹಬ್ಬಿಸಿದವರಿಗೆ ಬೀಟೆ ಮರದ ಬೆಲೆ ಬರುವುದಿಲ್ಲ. ಬಳ್ಳಿಗೂ ಕಾಫಿ ಗಿಡಕ್ಕೂ ಪರಿಹಾರ ಬರಬಹುದು, ಅಷ್ಟೇ. ಮೂರು ಮನೆಯವರಿಗೆ ಇದು ಗೊತ್ತೇ ಇರಲಿಲ್ಲ. ಆರ್‌ಟಿಸಿ ತೆಗೆಸಿ ನೋಡಿ ಅಂದೆ. ಒಬ್ಬರು ಒಂದು ವಾರ ನನ್ನ ಜೊತೆ ಮಾತು ಬಿಟ್ಟರು, ಆರ್‌ಟಿಸಿ ಬರೆದವನು ನಾನೇ ಅನ್ನುವ ಹಾಗೆ.

ಲೈನ್ ಒಂದು ಕಡೆ ದೇವರ ಕಾಡಿನ ಮೂಲೆ ಸವರಿಕೊಂಡು ಹೋಗುತ್ತಿತ್ತು. ಕೊಡಗಿನಲ್ಲಿ ದೇವರ ಕಾಡುಗಳು ಸಾವಿರದ ಇನ್ನೂರಕ್ಕೂ ಹೆಚ್ಚು. ಹೆಚ್ಚಿನವು ಸಣ್ಣವು, ನಕ್ಷೆಯಲ್ಲಿ ಒಂದು ಚುಕ್ಕೆ. ಜೆರಾಕ್ಸಿನಲ್ಲಿ ಆ ಚುಕ್ಕೆಯೂ ಇರಲಿಲ್ಲ. ಅದನ್ನು ತೋರಿಸಿದ್ದೇ ತಡ, ಅಧಿಕಾರಿಗಳೇ ಆ ಟವರ್ ಪಕ್ಕಕ್ಕೆ ಸರಿಸಿದರು. ದೇವರ ಭಯವೋ ಅರಣ್ಯ ಇಲಾಖೆ ಫೈಲಿನ ಭಯವೋ, ನಾನು ಕೇಳಲು ಹೋಗಲಿಲ್ಲ.

ಸಬ್‌ಸ್ಟೇಷನ್ ಜಾಗ ಇನ್ನೊಂದು ಕತೆ. ಆರಿಸಿದ್ದು ತೋಡಿನ (ಸಣ್ಣ ಹೊಳೆಯ) ಪಕ್ಕದ ಪಾಳು ಗದ್ದೆ. ಸಮತಟ್ಟು, ರಸ್ತೆ ಪಕ್ಕ, ಒಂದು ಮರವೂ ಇಲ್ಲ. ಫೆಬ್ರವರಿಯಲ್ಲಿ ನೋಡಿದರೆ ಯಾರಿಗಾದರೂ ಇಷ್ಟವಾಗುವ ಜಾಗ. ನನಗೂ ಇಷ್ಟವಾಗಿತ್ತು, ಮರ ಕಡಿಯಬೇಕಾಗಿಲ್ಲವಲ್ಲ. ಹಿಂದೆ ಅಲ್ಲಿ ನಾಟಿ ಮಾಡುತ್ತಿದ್ದ ಅಜ್ಜಿಯೊಬ್ಬರ ಹತ್ತಿರ ಸುಮ್ನೆ ಮಾತಿಗೆ ಕೇಳಿದೆ. "ಅದು ಹೊಳೆ ಬಂದು ಮಲಗೋ ಜಾಗ, ಅಲ್ಲಿ ಏನ್ ಕಟ್ಟಿದ್ರೂ ಅದನ್ನ ಎಬ್ಬಿಸುತ್ತೆ" ಎಂದರು. ಜುಲೈ ಕೊನೆಗೆ ಮತ್ತೆ ಹೋದೆ. ಗದ್ದೆ ಬದುವಿನ ಮೇಲೆ ನಿಂತು ಬಿದಿರು ಕೋಲು ಇಳಿಸಿದರೆ ನೀರು ಮೊಣಕಾಲಿನ ಮೇಲೆ. ಫೋಟೋ ತೆಗೆದುಕೊಂಡೆ, ಕೋಲಿಗೆ ಗುರುತು ಹಾಕಿದೆ.

ಗದ್ದೆಗೆ ಮಣ್ಣು ತುಂಬಿ ಎತ್ತರಿಸುತ್ತೇವೆ ಅಂದರು. ತುಂಬಿದರೆ ಆ ನೀರು ಎದುರು ದಡದ ಮನೆಗಳಿಗೆ ಹೋಗಬೇಕು, ಬೇರೆ ದಾರಿ ಇಲ್ಲ. ಜೊತೆಗೆ ಟ್ರಾನ್ಸ್‌ಫಾರ್ಮರ್ ಎಣ್ಣೆ. ಒಂದು ಟ್ಯಾಂಕಿನಲ್ಲಿ 2,000 ಲೀಟರಿಗಿಂತ ಜಾಸ್ತಿ ಎಣ್ಣೆ ಇದ್ದರೆ ಸೋರಿದ್ದನ್ನು ಹಿಡಿಯುವ ಗುಂಡಿ ಇರಲೇಬೇಕು ಅಂತ ಸುರಕ್ಷತಾ ನಿಯಮ ಹೇಳುತ್ತೆ. ನಕ್ಷೆಯಲ್ಲಿ ಗುಂಡಿ ಇತ್ತು, ಸರಿ. ಆದರೆ ಆಗಸ್ಟ್‌ನಲ್ಲಿ ಗುಂಡಿ ಮೊದಲೇ ನೀರಿನಿಂದ ತುಂಬಿದ್ದರೆ ಎಣ್ಣೆ ತೇಲಿ ತೋಡಿಗೆ, ತೋಡಿನಿಂದ ಕಾವೇರಿಗೆ.

ಹಾಗಂತ ಅವರು ತೋರಿಸಿದ ಎರಡನೇ ಜಾಗ, ಮೇಲಿನ ಪೈಸಾರಿ (ಸರ್ಕಾರಿ ಜಾಗ) ಗುಡ್ಡ, ನನಗೆ ಒಪ್ಪಿಗೆ ಆಗಲಿಲ್ಲ. ಅಲ್ಲಿ ಸಮ ಮಾಡಬೇಕಾದರೆ ಗುಡ್ಡ ಕಡಿಯಬೇಕು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಬೆಟ್ಟ ಜಾರಿದ್ದನ್ನು ನೋಡಿದವರಿಗೆ ಇಳಿಜಾರಿನಲ್ಲಿ ಜೆಸಿಬಿ ಕಂಡರೆ ಹೊಟ್ಟೆ ತೊಳಸುತ್ತೆ. ಮೂರನೇ ಜಾಗ ಸಿಕ್ಕಿದ್ದು ನಮ್ಮ ಹುಡುಕಾಟದಿಂದಲ್ಲ. ಸಭೆಯಲ್ಲಿ ಹಿಂದೆ ಕೂತಿದ್ದವರೊಬ್ಬರು ಎದ್ದು, ಬಳಕೆಯಲ್ಲಿಲ್ಲದ ತಮ್ಮ ಹಳೇ ಕಾಫಿ ಕಣ ಮಾರಲು ಸಿದ್ಧ ಎಂದರು. ಎತ್ತರದಲ್ಲಿದೆ, ಮೊದಲೇ ಸಮತಟ್ಟಾಗಿದೆ.

ಭಯಗಳ ಬಗ್ಗೆಯೂ ಬರೆಯಬೇಕು. "ತಂತಿ ಕೆಳಗೆ ಓಡಾಡಿದರೆ ಕ್ಯಾನ್ಸರ್ ಬರುತ್ತಾ?" ಇದನ್ನು ನಕ್ಕು ತಳ್ಳಿಹಾಕಬಾರದು. ತಂತಿಯ ಸುತ್ತ ಹುಟ್ಟುವ ಕಾಂತಕ್ಷೇತ್ರಕ್ಕೆ, ಸಾರ್ವಜನಿಕರ ವಿಷಯದಲ್ಲಿ, ಅಂತರರಾಷ್ಟ್ರೀಯ ಮಾರ್ಗಸೂಚಿಯ ಮಿತಿ 200 ಮೈಕ್ರೋಟೆಸ್ಲಾ. 66 ಕೆವಿ ಲೈನ್ ಕೆಳಗೆ ಸಾಮಾನ್ಯವಾಗಿ ಸಿಗುವುದು ಕೆಲವೇ ಮೈಕ್ರೋಟೆಸ್ಲಾ. ವರದಿಯಲ್ಲಿ ಅದನ್ನೇ ಬರೆದೆ. ಕೆಲವರಿಗೆ ಬೇಸರವಾಯಿತು, ಅದನ್ನೇ ದೊಡ್ಡ ಆಯುಧ ಮಾಡಿಕೊಂಡಿದ್ದರು. ಇಲ್ಲದ ಅಪಾಯ ಬರೆದರೆ ಇರುವ ಅಪಾಯವನ್ನೂ ಯಾರೂ ನಂಬುವುದಿಲ್ಲ ಎಂದೆ. ನಮ್ಮಲ್ಲಿ ಇರುವ ಅಪಾಯ ಆನೆಯದು. ಬೈನೆ ಮರ ಅಂದರೆ ಆನೆಗೆ ಪ್ರಾಣ. ಅದನ್ನು ದೂಡಿ ಬೀಳಿಸುವಾಗ ಮರ ತಂತಿ ಮೇಲೆ ಬಿದ್ದರೆ ಆನೆಯ ಕತೆ ಅಲ್ಲಿಗೆ ಮುಗಿಯಿತು. ಹಾಗಾಗಿ ತಂತಿಯ ಪಕ್ಕದ ಬೈನೆಗಳನ್ನು ಮಾತ್ರ ತೆಗೆಯಿರಿ ಅಂತ ನಾನೇ ಬರೆದೆ. ಮರ ಉಳಿಸಲು ಹೊರಟವನು ಮರ ಕಡಿಯಲು ಹೇಳುತ್ತಾನೆ ಅಂತ ಹುಡುಗರು ಇವತ್ತಿಗೂ ಕಾಲೆಳೆಯುತ್ತಾರೆ.

ನೆಲದೊಳಗೆ ಕೇಬಲ್ ಹಾಕಿ ಅಂತ ಕೇಳುವ ಆಸೆ ನನಗೂ ಇತ್ತು. ಖರ್ಚು ಹಲವು ಪಟ್ಟು. ಅದು ಹೋಗಲಿ, ಇಳಿಜಾರಿನಲ್ಲಿ ಏಳು ಕಿಲೋಮೀಟರ್ ಕಂದಕ ತೋಡಿ ಬೇರು ಕಡಿದರೆ ಮರ ನಿಂತಿದ್ದೂ ಸತ್ತ ಹಾಗೆ. ಬಿಟ್ಟೆ. ಬದಲಿಗೆ ಕೇಳಿದ್ದು ಇದು: ಸಾಧ್ಯವಿದ್ದ ಕಡೆ ರಸ್ತೆ ಪಕ್ಕಕ್ಕೆ ಬನ್ನಿ. ಕಣಿವೆ ದಾಟುವ ಕಡೆ ಟವರ್ ಕಾಲು 6 ಮೀಟರ್ ಎತ್ತರಿಸಿ. 66 ಕೆವಿ ತಂತಿಗೂ ಮರದ ತುದಿಗೂ 3.4 ಮೀಟರ್ ಅಂತರ ಇದ್ದರೆ ಸಾಕು, ಕಣಿವೆಯ ತಳದ ಮರಗಳನ್ನು ಮುಟ್ಟುವ ಅಗತ್ಯವೇ ಇಲ್ಲ. ಎಲ್ಲೆಲ್ಲಿ ಮರಗಸಿ ಸಾಕೋ ಅಲ್ಲಿ ಗರಗಸ ಬೇಡ.

ವರದಿ ಮೊದಲು 64 ಪುಟ ಆಗಿತ್ತು. ಪಂಚಾಯಿತಿಯಲ್ಲಿ ಯಾರೂ ಮೊದಲ ಪುಟ ತಿರುಗಿಸಲಿಲ್ಲ. ಎರಡನೇ ಸಭೆಗೆ ಒಂದೇ ಹಾಳೆ ಒಯ್ದೆ. ನಕ್ಷೆಯ ಮೇಲೆ ಒಂಬತ್ತು ಅಂಕಿ, ಪ್ರತಿ ಅಂಕಿಗೆ ಒಂದು ಫೋಟೋ. ಮೂರನೆಯದು ಮತ್ತಿ ಮರದ ಪೊಟರೆ, ಏಳನೆಯದು ನೀರಲ್ಲಿ ನಿಂತ ಬಿದಿರು ಕೋಲು. ಎಂಜಿನಿಯರ್ ಆ ಎರಡನ್ನು ತುಂಬಾ ಹೊತ್ತು ನೋಡಿದರು. "ಇದನ್ನ ನಮಗೆ ಮೊದಲೇ ಕೊಟ್ಟಿದ್ರೆ" ಎಂದರು. ನಕ್ಷೆ ಮೊದಲೇ ಕೊಟ್ಟಿದ್ದರೆ ನಾವೂ ಕೊಡುತ್ತಿದ್ದೆವು.

ಒಂಬತ್ತರಲ್ಲಿ ಐದು ಒಪ್ಪಿದರು. ಸಬ್‌ಸ್ಟೇಷನ್ ಗದ್ದೆಯಿಂದ ಕಣಕ್ಕೆ ಹೋಯಿತು. ದೇವರ ಕಾಡು ಬಿಟ್ಟು ಇನ್ನೂ ಎರಡು ಕಡೆ ಟವರ್ ಸರಿಯಿತು, ಮಂಗಟ್ಟೆ ಮರ ಪಟ್ಟಿಯಿಂದ ಹೊರಗೆ. ಕಣಿವೆಯಲ್ಲಿ ಒಂದು ಕಡೆ ಟವರ್ ಎತ್ತರಿಸುತ್ತಾರಂತೆ. ರಸ್ತೆ ಪಕ್ಕದ ದಾರಿಗೆ ಒಪ್ಪಲಿಲ್ಲ, ತಿರುವು ಜಾಸ್ತಿ ಅಂದರು. ಮೊದಲು ಫೋನ್ ಮಾಡಿದ ಪಕ್ಕದ ತೋಟದವರ ನಂದಿಗಳು ಹಾಗೇ ಹಗ್ಗದೊಳಗೇ ಉಳಿದವು. ಅವರಿಗೆ ಈಗ ಪರಿಹಾರದ್ದೇ ಮಾತು. 2024ರ ಜೂನ್‌ನಲ್ಲಿ ಕೇಂದ್ರ ಇಂಧನ ಸಚಿವಾಲಯ ಹೊಸ ಮಾರ್ಗಸೂಚಿ ತಂದಿದೆ. ಟವರ್ ಕಾಲಿನ ಜಾಗಕ್ಕೆ ಭೂಮಿ ಬೆಲೆಯ ಶೇ. 200, ತಂತಿ ಕೆಳಗಿನ ಪಟ್ಟಿಗೆ ಶೇ. 30. ಮೊದಲು, 2015ರ ಮಾರ್ಗಸೂಚಿಯಲ್ಲಿ, ಅದು 85 ಮತ್ತು ಹೆಚ್ಚೆಂದರೆ 15 ಇತ್ತು. ಆ ಸುತ್ತೋಲೆಯ ಪ್ರತಿ ಅವರ ಜೇಬಲ್ಲೇ ಇರುತ್ತೆ, ಯಾರು ಸಿಕ್ಕಿದರೂ ತೆಗೆದು ತೋರಿಸುತ್ತಾರೆ.

ನಾನು ತಡವಾಗಿ ಕಂಡುಕೊಂಡ ವಿಷಯ ಒಂದಿದೆ. ನಾವು ಏಳು ಕಿಲೋಮೀಟರ್ ದೊಡ್ಡ ಲೈನ್ ಮಾತ್ರ ನಡೆದೆವು. ಸಬ್‌ಸ್ಟೇಷನ್ ಆದಮೇಲೆ ಅಲ್ಲಿಂದ ಊರೂರಿಗೆ ಹೊಸ 11 ಕೆವಿ ಫೀಡರ್‌ಗಳು ಹೊರಡುತ್ತವೆ. ಅವು ಎಲ್ಲಿ ಹೋಗುತ್ತವೆ ಅಂತ ಆ ಜೆರಾಕ್ಸಿನಲ್ಲಿ ಒಂದು ಗೆರೆಯೂ ಇಲ್ಲ. ಎಲ್ಲ ಸೇರಿಸಿದರೆ ಅವುಗಳ ಉದ್ದವೇ ಜಾಸ್ತಿ, ಬಹುಶಃ ಮರವೂ. ಹೊದಿಕೆ ಇರುವ ತಂತಿ ಹಾಕಿದರೆ ಕೊಂಬೆ ತಾಗಿದ್ದಕ್ಕೆಲ್ಲ ಕರೆಂಟ್ ಹೋಗುವುದಿಲ್ಲ, ಅಷ್ಟು ಮರ ಕಡಿಯಬೇಕಾಗಿಯೂ ಇಲ್ಲ. ಅದನ್ನು ಕೇಳಲು ಮೊದಲು ಗೆರೆ ಎಲ್ಲಿದೆ ಅಂತ ಗೊತ್ತಾಗಬೇಕು. ಹೋದ ತಿಂಗಳು ಮತ್ತೊಂದು ಅರ್ಜಿ ಹಾಕಿದ್ದೇನೆ. 30 ದಿನ ಮುಗಿಯಲು ಇನ್ನು ಒಂಬತ್ತು ದಿನ ಇದೆ. ಹಗ್ಗ ತೊಳೆದು ಒಣಗಿಸಿಟ್ಟಿದ್ದೇನೆ.